ನೆರೆ ತಂದ ನೆರೆಯವರು

ರೀ,

ಹಾಡಿನ ಅಭ್ಯಾಸವಿದೆ, ನಾನು ಮೊದಲೇ ಚರ್ಚಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ. ಗ್ಯಾಸ್ ಆರಿಸಿದ್ದೇನೆ; ಆದರೂ ಒಮ್ಮೆ ನೋಡಿಬಿಡಿ.

ಸಂಜೆಯ ಆರಾಧನೆಯಲ್ಲಿ ನಿಮ್ಮ ಪ್ರಸಂಗ ನೆರೆಯವರನ್ನು ಪ್ರೀತಿಸುವುದರ ಬಗ್ಗೆ. ಮಹಡಿಯ ದರ್ಜಿಯಣ್ಣನ ನಲ್ಲಿ ಸೋರಿ ನಿಮ್ಮ ಟಿಪ್ಪಣಿಗಳು ತೊಯ್ದು ಹದಿನೈದು ದಿನವಾಯಿತು. ನೀವು ಅವರೊಡನೆ ಮಾತು ಬಿಟ್ಟೂ ಅಷ್ಟೇ ದಿನ. “ಮನೆಗೆ ನೆರೆ ತಂದವನು ನೆರೆಯವನು ಹೇಗಾಗ್ತಾನೆ ಕಣೇ?” ಎಂದಿರಿ. ಚಮತ್ಕಾರವೇನೋ ಚೆನ್ನಾಗಿತ್ತು. ಆದರೆ ಅವರು ಕೂರುವುದು ಮುಂದಿನ ಬೆಂಚಿನಲ್ಲಿ. ಅವರ ಮುಖ ಕಂಡು ನಿಮ್ಮ ಮಾತು ತಡವರಿಸೀತೆಂದು ನನಗೆ ಚಿಂತೆ.

ಕೋಟನ್ನು ಬೀರುವಿನಲ್ಲಿ ಹುಡುಕಬೇಡಿ. ಗುಂಡಿ ಹಾಕಲು ಅವರಿಗೇ ಕೊಟ್ಟಿದ್ದೇನೆ. “ನಮ್ಮವರೇ ಬಂದು ತಗೋತಾರಣ್ಣ” ಎಂದೂ ಹೇಳಿದ್ದೇನೆ.

ಹಳೆಯ ಕೋಟೇ ಸಾಕು ಎನ್ನಬೇಡಿ. ಅದನ್ನು ಈಗಷ್ಟೇ ಬಕೆಟ್ಟಿನಲ್ಲಿ ನೆನೆಹಾಕಿದೆ.