ಹಳೇ ಬೀಗ

ರೀ,

ಊಟ ಮುಚ್ಚಿಟ್ಟಿದ್ದೀನಿ. ಬಿಪಿ ಮಾತ್ರೆ ಮರೀಬೇಡಿ.

ಇವತ್ತು ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಐದನೇ ಶುಕ್ರವಾರ, ಐದನೇ ಹಳೇ ಚರ್ಚಿಗೆ ಹೊರಟಿದ್ದೀನಿ. ಹೋದ ನಾಲ್ಕು ಕಡೆಯೂ ಬಾಯಿಗೆ ಪ್ರಾರ್ಥನೆ ಬರಲಿಲ್ಲ. ಕಲ್ಲಿನ ಮುಂದೆ ಕಲ್ಲಿನ ಹಾಗೆ ಕೂತು ಎದ್ದು ಬಂದೆ. ಕಂಡಿದ್ದು ಇಷ್ಟೇ: ಒಂದು ಕಡೆ ನಾನೂರು ವರ್ಷದ ಬಾಗಿಲನ್ನ ಕಾವಲಿನ ಮುದುಕ ಇವತ್ತಿಗೂ ಹಳೇ ಕೀಲಿಯಲ್ಲೇ ತೆಗೀತಾನೆ.

ಊರಿಗೆಲ್ಲ ಬೀಗ ರಿಪೇರಿ ಮಾಡೋರು ನೀವು. ಮಗಳು ಮನೆ ಬಿಟ್ಟ ಮರುದಿನವೇ ನಮ್ಮ ಬಾಗಿಲಿಗೆ ಹೊಸ ಬೀಗ ಹಾಕಿದ್ರಿ. ಅವಳ ಹತ್ತಿರ ಇರೋದು ಹಳೇ ಕೀಲಿ.

ಅವಳು ಬರಲ್ಲ, ನನಗೂ ಗೊತ್ತು. ಆದರೂ ಹಳೇ ಬೀಗ ಹುಡುಕಿ ಬಾಗಿಲಿಗೆ ಹಾಕಿಡಿ, ನಿಮ್ಮ ಡಬ್ಬದ ತಳದಲ್ಲಿದೆ.

ನನ್ನ ಹೊಸ ಕೀಲಿ ಈ ಚೀಟಿ ಮೇಲಿದೆ. ನಾನು ತಗೊಂಡು ಹೋಗ್ತಿರೋದೂ ಹಳೇದನ್ನೇ.