ಮುರಿದದ್ದು ನಿನ್ನ ಕಾಲು

ಅಕ್ಕಾ,

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಪಾಸ್‌ಪೋರ್ಟ್ ತರಲು ವೀಸಾ ಕಚೇರಿಗೆ ಹೊರಟೆ. ಬಾಗಿಲು ತೆಗೆಯುವುದು ಹತ್ತಕ್ಕೆ, ಗೊತ್ತು. ಮನೆಯಲ್ಲೇ ಕೂತರೆ ಬೆನ್ನಿನ ಬ್ಯಾಗನ್ನು ಐದನೇ ಸಲ ಬಿಚ್ಚಿಬಿಡುತ್ತೇನೆ.

ಮಾತ್ರೆ ನೀರಿನ ಲೋಟದ ಪಕ್ಕ ಇದೆ. ತಿಂಡಿ ತಿಂದೇ ನುಂಗು. ಊರುಗೋಲಿಲ್ಲದೆ ಬಚ್ಚಲಿಗೆ ಕುಂಟಿಕೊಂಡು ಹೋದರೆ ನನ್ನಾಣೆ!

ನಿನ್ನ ಸ್ವೆಟರನ್ನು ಮತ್ತೆ ನನ್ನ ಬ್ಯಾಗಿಗೆ ತುರುಕಿದ್ದೀಯ. ಈ ಸಲ ತೆಗೆದಿಲ್ಲ.

ಪರದೇಶ ಸುತ್ತಲು ಇಬ್ಬರೂ ಹೋಗಬೇಕಿತ್ತು. ನೀನು ಮೆಟ್ಟಿಲಿಂದ ಬಿದ್ದ ದಿನ ನಾನು ನನ್ನ ಟಿಕೆಟ್ಟನ್ನೂ ರದ್ದು ಮಾಡಲು ಹೊರಟಿದ್ದೆ. "ಮುರಿದಿರೋದು ನನ್ನ ಕಾಲು ಕಣೇ, ನಿಂದಲ್ಲ. ಸುಮ್ನೆ ಹೋಗು" ಅಂದವಳು ನೀನು. ನನಗೆ ಅಳು ಬಂದಿತ್ತು, ಅದಕ್ಕೇ ಜಗಳ ಮಾಡಿದೆ. ಥ್ಯಾಂಕ್ಸ್ ಹೇಳಲೇ ಇಲ್ಲ. ಈಗ ಹೇಳುತ್ತಿದ್ದೇನೆ.

ಊರೂರಿಂದಲೂ ಫೋನ್ ಮಾಡುತ್ತೇನೆ. ಎತ್ತದಿದ್ದರೆ ಅಲ್ಲಿಂದಲೇ ವಾಪಸ್ ಬಂದುಬಿಡುತ್ತೇನೆ, ನೋಡ್ತಿರು.