ಜಲಸ್ನೇಹಿ ಎಂಬ ಚೌಕದಲ್ಲಿ ನಾನು ಹಾಕಿದ ಗುರುತು

ಉಚಿತ ಕಣ್ಣಿನ ಶಿಬಿರಗಳ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ಶಿವಾಜಿನಗರದ ಶಂಶುನ್ನೀಸಾ ಎಂಬ ಅರವತ್ತೆರಡು ವರ್ಷದ ಹೆಂಗಸಿನ ಬಲಗಣ್ಣಿನೊಳಗೆ ನಿಮ್ಮ ಶಿಬಿರದವರು ಕೂರಿಸಿದ ಕೃತಕ ಮಸೂರ ಎರಡೂವರೆ ವರ್ಷಕ್ಕೇ ಬೆಳ್ಳಗಾಗಿ ಹೋಗಿದೆ. ಅದನ್ನು ಬದಲಿಸಿಕೊಡಿ ಎಂದು ಬರೆದ ಅರ್ಜಿಗೆ ನಿಮ್ಮ ಕಚೇರಿ ಒಂದೇ ಸಾಲಿನ ಉತ್ತರ ಕಳಿಸಿದೆ: ‘ಶಸ್ತ್ರಚಿಕಿತ್ಸೆಯು ಯಶಸ್ವಿಯಾಗಿದ್ದು, ಮಸೂರವನ್ನು ಫಲಾನುಭವಿಯೇ ಸ್ವಇಚ್ಛೆಯಿಂದ ಆಯ್ಕೆ ಮಾಡಿಕೊಂಡಿರುತ್ತಾರೆ.’ ಆ ಫಲಾನುಭವಿಗೆ ಕನ್ನಡ ಓದಲು ಬರುವುದಿಲ್ಲ. ಆಯ್ಕೆಯ ಚೌಕದಲ್ಲಿ ಗುರುತು ಹಾಕಿದವನು ನಾನು. ನಿಮ್ಮ ಮೇಲಿನ ಸಿಟ್ಟು ಎಷ್ಟಿದೆಯೋ ನನ್ನ ಮೇಲಿನ ಸಿಟ್ಟೂ ಅಷ್ಟೇ ಇದೆ, ಅದಕ್ಕೇ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ನಾನು ಇದೇ ಶಿವಾಜಿನಗರದ ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿರುವವನು. ಮದುವೆ ಕಾರ್ಡು, ಉರುಸಿನ ಕರಪತ್ರ, ಚರ್ಚಿನ ಹಬ್ಬದ ನೋಟೀಸು, ಜೊತೆಗೆ ನಿಮ್ಮಂಥ ಕಚೇರಿಗಳ ನಮೂನೆಗಳು. ನಿಮ್ಮ ಶಿಬಿರದ ಒಪ್ಪಿಗೆ ಪತ್ರವೂ ನನ್ನ ಮೇಜಿಗೇ ಬಂದಿತ್ತು. ಅದರಲ್ಲಿ ‘ಮಸೂರದ ವಿಧ’ ಎಂಬ ಸಾಲಿನ ಮುಂದೆ ಎರಡು ಚೌಕಗಳು. ಒಂದರ ಪಕ್ಕ ‘ಜಲಸ್ನೇಹಿ’, ಇನ್ನೊಂದರ ಪಕ್ಕ ‘ಜಲದ್ವೇಷಿ’. ‘ಆಯ್ಕೇ’ ಎಂದಿದ್ದುದನ್ನು ‘ಆಯ್ಕೆ’ ಎಂದು ತಿದ್ದಿದೆ. ಜಲಸ್ನೇಹಿ ಎಂಬ ಪದ ನೋಡಿ ಖುಷಿಪಟ್ಟೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಸರ್ಕಾರಿ ಕಾಗದದಲ್ಲಿ ಇಷ್ಟು ಮುದ್ದಾದ ಕನ್ನಡ ನೋಡಿ ಎಷ್ಟು ಕಾಲವಾಗಿತ್ತು! ಅರ್ಥವೇನೆಂದು ಯಾರನ್ನೂ ಕೇಳದೆ ಪಾಸ್ ಮಾಡಿ ಕಳಿಸಿದೆ.

ಶಂಶುನ್ನೀಸಾ ನಮ್ಮ ಪಕ್ಕದ ಮನೆಯವರು. ನಾನು ಆಪಾ ಎನ್ನುತ್ತೇನೆ, ಅವರು ನನ್ನನ್ನು ಭಾಯ್ ಎನ್ನುತ್ತಾರೆ. ಶೇರ್ವಾನಿಗೆ ಕೈಯಲ್ಲಿ ಕಾಜಾ ಹಾಕುವುದು ಅವರ ಕೆಲಸ. ಗುಂಡಿ ತೂರುವ ಆ ಸಣ್ಣ ಸೀಳಿನ ಅಂಚಿಗೆ ದಾರ ಸುತ್ತುವುದರಲ್ಲಿ ಈ ಬೀದಿಯ ದರ್ಜಿಗಳೆಲ್ಲ ಅವರನ್ನೇ ನಂಬಿದ್ದರು. ಎಡಗಣ್ಣು ಚಿಕ್ಕಂದಿನಲ್ಲೇ ಕತ್ತರಿಯ ಮೊನೆ ತಗುಲಿ ಹೋಗಿದೆ. ಉಳಿದ ಬಲಗಣ್ಣಿಗೆ ಪೊರೆ ಬಂದಾಗ ನಿಮ್ಮ ಶಿಬಿರದಿಂದ ನಮೂನೆ ಹಿಡಿದು ನನ್ನ ಹತ್ತಿರ ಬಂದರು. ನಾನೇ ಕರಡು ತಿದ್ದಿದ ನಮೂನೆ! ಜಂಬದಿಂದಲೇ ಓದಿ ಹೇಳಿದೆ.

“ಎರಡು ಥರ ಇದೆ ಆಪಾ. ಒಂದು ನೀರಿಗೆ ಸ್ನೇಹಿತ, ಇನ್ನೊಂದು ನೀರು ಕಂಡ್ರೆ ಆಗ್ದೇ ಇರೋದು. ಯಾವ್ದಕ್ಕೆ ಗುರುತು ಹಾಕ್ಲಿ?”

“ಪಾನೀ ಜೊತೆ ದೋಸ್ತಿ ಇರೋದೇ ಹಾಕಿ ಭಾಯ್. ಕಣ್ಣಲ್ಲಿ ಇರೋದು ನೀರೇ ತಾನೆ?”

“ಅದೇ ಮತ್ತೆ! ದ್ವೇಷಿ ಅನ್ನೋದನ್ನ ಯಾರಾದ್ರೂ ಕಣ್ಣಲ್ಲಿ ಇಟ್ಕೊಳ್ತಾರಾ?”

ಇಬ್ಬರೂ ನಕ್ಕೆವು. ಚೌಕದಲ್ಲಿ ಗುರುತು ಹಾಕಿದೆ. ಕೆಳಗೆ ಅವರು ಹೆಬ್ಬೆಟ್ಟು ಒತ್ತಿದರು.

ಎರಡು ವರ್ಷ ಕಣ್ಣು ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬೀದಿ ದೀಪಗಳ ಸುತ್ತ ಹೊಗೆ ಕಾಣಿಸತೊಡಗಿತು. ಕಪ್ಪು ದಾರ ಯಾವುದು, ಕಡು ನೀಲಿ ಯಾವುದು ಎಂದು ಮಗಳು ನಾಜಿಶ್‌ಳನ್ನು ಕೇಳಬೇಕಾಯಿತು. ನಿಮ್ಮ ಪಟ್ಟಿಯಲ್ಲಿದ್ದ ಕೆ.ಆರ್. ಪುರದ ಕಡೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ‘ಎರಡನೇ ಪೊರೆ’ ಎಂದು ಐದು ನಿಮಿಷದಲ್ಲಿ ತೀರ್ಮಾನಿಸಿ, ಲೇಸರ್ ಹೊಡೆದು ಕಳಿಸಿದರು. ಹೊಗೆ ಹೋಗಲಿಲ್ಲ. ಇನ್ನೊಮ್ಮೆ ಹೋದರೆ ಇನ್ನೊಮ್ಮೆ ಹೊಡೆದರು.

ನಿಜ ಹೇಳಿದವರು ಕಮ್ಮನಹಳ್ಳಿಯ ಸಣ್ಣ ಕ್ಲಿನಿಕ್ಕಿನ ಡಾಕ್ಟರ್ ಶೀಬಾ. ದೀಪ ಹಾಕಿ ತುಂಬ ಹೊತ್ತು ನೋಡಿದರು.

“ಪೊರೆ ಅಲ್ಲ ಸಾರ್ ಇದು, ಲೆನ್ಸೇ ಬೆಳ್ಳಗಾಗಿದೆ. ಬೋರ್‌ವೆಲ್ ನೀರು ಕಾಯ್ಸಿದ ಪಾತ್ರೆಗೆ ಸುಣ್ಣ ಕಟ್ಟತ್ತಲ್ಲ, ಹಾಗೆ. ಇದು ನೀರು ಹೀರ್ಕೊಳ್ಳೋ ಪ್ಲಾಸ್ಟಿಕ್ಕು.”

“ನೀರು ಹೀರ್ಕೊಳ್ಳೋದಾ? ಜಲಸ್ನೇಹಿ ಅಂತ ಬರ್ದಿತ್ತಲ್ಲ ಡಾಕ್ಟ್ರೇ?”

ಅವರು ನನ್ನ ಮುಖವನ್ನೇ ನೋಡಿದರು. “ಅದೇ ಅದು” ಎಂದರು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಎರಡೂ ಅಕ್ರಿಲಿಕ್ಕೇ. ಒಂದರ ತೂಕದಲ್ಲಿ ಸುಮಾರು ಕಾಲು ಭಾಗ ನೀರು. ಹಾಗಾಗಿ ಮೆತ್ತಗೆ ಮಡಚುತ್ತದೆ, ಕಣ್ಣಿಗೆ ಹಾಕಿದ ಸಣ್ಣ ಸೀಳಿನಲ್ಲೇ ಸಲೀಸಾಗಿ ಒಳಗೆ ಹೋಗುತ್ತದೆ. ಬಹಳ ಜನರಿಗೆ ಏನೂ ತೊಂದರೆಯಾಗುವುದಿಲ್ಲ. ಕೆಲವರಲ್ಲಿ ಮಾತ್ರ ಕಣ್ಣೊಳಗಿನ ನೀರಿನ ಸುಣ್ಣದ ಅಂಶ ಅದರ ಮೈಗೆ ಇಳಿದು ಗಟ್ಟಿಯಾಗುತ್ತದೆ. ತಯಾರಿಕೆಯ ದೋಷವೂ ಕಾರಣವಿರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು. ಇನ್ನೊಂದು, ಅಂದರೆ ಆ ‘ದ್ವೇಷಿ’, ನೀರನ್ನು ಹೆಚ್ಚುಕಡಿಮೆ ಹತ್ತಿರಕ್ಕೇ ಸೇರಿಸುವುದಿಲ್ಲ. ಅದಕ್ಕೂ ಅದರದೇ ಕುಂದುಗಳಿವೆ, ಆದರೆ ಹೀಗೆ ಸುಣ್ಣ ಕಟ್ಟುವುದು ತೀರಾ ಅಪರೂಪ. ಸಕ್ಕರೆ ಕಾಯಿಲೆ ಇದೆಯೇ ಎಂದು ಅದೇ ನಮೂನೆಯ ಎರಡನೇ ಸಾಲಿನಲ್ಲಿ ನೀವು ಕೇಳಿದ್ದಿರಿ. ‘ಇದೆ’ ಎಂದು ಬರೆದಿದ್ದೆ. ಅದನ್ನು ಓದಿದವರು ಯಾರು?

ಒಂದು ಮಾತು ಕೇಳುತ್ತೇನೆ ಮಾನ್ಯರೇ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿನ ಮುಂದೆ ಸ್ನೇಹಿ ಬೇಕೋ ದ್ವೇಷಿ ಬೇಕೋ ಎಂದು ಕಾಗದ ಹಿಡಿಯುವುದಕ್ಕೆ ಆಯ್ಕೆ ಎನ್ನುತ್ತಾರೆಯೇ? ನಿಮಗೆ ಸ್ನೇಹಿ ಎಂಬ ಪದದ ಮೇಲೆ ಬಲು ಪ್ರೀತಿ. ನಿಮ್ಮ ಕಚೇರಿಯ ಬಾಗಿಲ ಮೇಲೆಯೇ ‘ಜನಸ್ನೇಹಿ’ ಎಂದು ಬರೆಸಿದ್ದೀರಿ. ಆ ಬಾಗಿಲಿನ ಹೊರಗೆ ನಾವು ನಾಲ್ಕು ಸಲ ಕೂತು ಎದ್ದು ಬಂದಿದ್ದೇವೆ. ‘ನೀರು ಹೀರುವ ಮಸೂರ’, ‘ನೀರು ಹೀರದ ಮಸೂರ’ ಎಂದು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ‘ಹೀರುವ’ ಎಂದು ಓದಿದ್ದರೆ ನಾನು ತಡೆದು ನಿಲ್ಲುತ್ತಿದ್ದೆ, ಡಾಕ್ಟರನ್ನು ಕೇಳುತ್ತಿದ್ದೆ. ಈ ಭಾಷೆಯನ್ನೇ ನಂಬಿ ಅನ್ನ ತಿಂದವನು ನಾನು. ಅದೇ ಭಾಷೆಯಲ್ಲಿ ನನಗೆ ಮೋಸವಾಯಿತು, ನನ್ನ ಕೈಯಿಂದಲೇ ಆಪಾಗೆ ಮೋಸವಾಯಿತು.

ಈಗ ಆ ಮಸೂರವನ್ನು ತೆಗೆದು ಬೇರೆ ಹಾಕಬೇಕು. ಅದೂ ಸುಲಭವಿಲ್ಲ. ಲೇಸರ್ ಹೊಡೆದು ಮಸೂರದ ಹಿಂದಿನ ಪರದೆಯನ್ನು ತೂತು ಮಾಡಿಟ್ಟಿದ್ದಾರೆ. ನುರಿತ ಕೈ ಬೇಕು, ತಡವಾದಷ್ಟೂ ಕಷ್ಟ ಎಂದಿದ್ದಾರೆ ಶೀಬಾ. ಆಪಾಗೆ ಇರುವುದು ಅದೊಂದೇ ಕಣ್ಣು. ಆದ್ದರಿಂದ ನಿಮ್ಮ ಉತ್ತರದ ಆ ಸಾಲನ್ನು ಹೊಡೆದುಹಾಕಿ, ಈ ತಿಂಗಳೊಳಗೆ ದೊಡ್ಡ ಆಸ್ಪತ್ರೆಯಲ್ಲಿ ಅವರ ಶಸ್ತ್ರಚಿಕಿತ್ಸೆಗೆ ಆದೇಶ ಕೊಡಿ. ಹೊರತೆಗೆದ ಮಸೂರವನ್ನು ಕಸಕ್ಕೆ ಹಾಕದೆ ಪರೀಕ್ಷೆಗೆ ಕಳಿಸಿ. ಅದೇ ಪೆಟ್ಟಿಗೆಯ ಮಸೂರ ಇನ್ನು ಯಾರ್ಯಾರ ಕಣ್ಣಲ್ಲಿದೆಯೋ ಅವರನ್ನೆಲ್ಲ ಕರೆಸಿ ನೋಡಿ.

ಇನ್ನೊಂದು ವಿಷಯ. ಹೋದ ವಾರ ನಿಮ್ಮ ಹೊಸ ಶಿಬಿರಗಳ ಐದು ಸಾವಿರ ನಮೂನೆಗಳ ಕರಡು ನಮ್ಮ ಮುದ್ರಣಾಲಯಕ್ಕೆ ಬಂದಿದೆ. ಅದೇ ಎರಡು ಚೌಕ, ಅದೇ ಎರಡು ಪದ. ಕಾಗುಣಿತ ಈ ಸಲ ಸರಿಯಾಗಿದೆ. ಮಾಲೀಕರು ದಿನಾ ಕೇಳುತ್ತಿದ್ದಾರೆ, ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ.

ಮೊನ್ನೆ ಶಂಶುನ್ನೀಸಾ ಅವರ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ. ಮಡಿಲಲ್ಲಿ ಯಾರದೋ ಶೇರ್ವಾನಿ ಇತ್ತು, ಕಾಜಾದ ಅಂಚನ್ನು ಬೆರಳಲ್ಲೇ ಸವರಿ ಹುಡುಕುತ್ತಿದ್ದರು. “ಕಾಗ್ದದಲ್ಲಿ ಬರ್ದಿದ್ದನ್ನ ನೀವು ಓದಿದ್ರಿ ಭಾಯ್” ಎಂದರು. “ಬರ್ದೋರು ಯಾರು? ಅವ್ರನ್ನ ಒಂದ್ಸಲ ಕೇಳಿ.”

ಕೇಳುತ್ತಿದ್ದೇನೆ.

ಇಂತಿ,
ಕಾಗುಣಿತವನ್ನಷ್ಟೇ ನೋಡಿ ಪಾಸ್ ಮಾಡಿದ,
ಕೆಂಪರಾಜ್
ಕರಡು ತಿದ್ದುವವನು, ಶಿವಾಜಿನಗರ